ಬನ್ ಇಲ್ಲದ ಬಟ್ಟಲು

ಹೊಳೆಯ ದಡದಲ್ಲಿ ಒಂದು ಆಶ್ರಮ. ಆಶ್ರಮವೆಂದರೆ ನಾಲ್ಕು ಕೋಣೆ, ಒಂದು ಅಡುಗೆಮನೆ, ಅಂಗಳಕ್ಕೆ ನೆರಳು ಕೊಡುವ ಒಂದು ಹೊಂಗೆಮರ. ಅಷ್ಟೇ.

ಅಲ್ಲಿನ ಗುರು ತಾಯವ್ವ. ಎಪ್ಪತ್ತು ದಾಟಿದವರು. ಎಲ್ಲವನ್ನೂ ಬಿಟ್ಟವರು ಎಂದು ಜನ ಹೇಳುತ್ತಿದ್ದರು. ಹನ್ನೊಂದು ಗಂಟೆಯ ಟೀ, ಅದರಲ್ಲಿ ಅದ್ದಿ ತಿನ್ನುವ ಎರಡು ರಸ್ಕು, ಇವನ್ನು ಮಾತ್ರ ಅವರು ಬಿಟ್ಟಿರಲಿಲ್ಲ.

ಅಡುಗೆಮನೆ ನೋಡಿಕೊಳ್ಳುತ್ತಿದ್ದವಳು ಶಿಷ್ಯೆ ಇಂಚರ. ಎರಡು ವರ್ಷದ ಹಿಂದೆ, ಟೇಬಲ್ಲಿನ ಮೇಲೆ ಒಂದು ಚೀಟಿ ಬರೆದಿಟ್ಟು ಮನೆ ಬಿಟ್ಟು ಬಂದಿದ್ದಳು. ಆ ದಿನ ತಂಗಿ ಪ್ರಣತಿ ಪರೀಕ್ಷೆ ಬರೆಯಲು ಹೋಗಿದ್ದಳು. ವಾಪಸ್ ಬಂದಾಗ ಅಕ್ಕ ಇರಲಿಲ್ಲ, ಚೀಟಿ ಇತ್ತು. ಅಂದಿನಿಂದ ತಂಗಿ ಅಕ್ಕನ ಜೊತೆ ಮಾತು ಬಿಟ್ಟಿದ್ದಳು.

ಶುಕ್ರವಾರ ಅಮ್ಮ ಫೋನ್ ಮಾಡಿದಳು.

"ಭಾನುವಾರ ಪ್ರಣತಿ ಬರ್ತಾಳಂತೆ. ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ ಅಂದ್ಲು."

"ಒಂದ್ಸಲ ಅಂದ್ಲಾ?"

"ಹಂಗೇ ಅಂದ್ಲು. ಇನ್ನೊಂದು ವಿಷಯ. ಅವಳಿಗೆ ಈಗ ಗೋಧಿ ಆಗಲ್ಲ ಕಣೇ. ಚಪಾತಿಯ ಒಂದು ಚೂರು ಹೊಟ್ಟೆಗೆ ಹೋದ್ರೂ ಮೂರು ದಿನ ಮೇಲೇಳಲ್ಲ."

ಫೋನ್ ಇಟ್ಟ ಮೇಲೂ ಇಂಚರಳಿಗೆ ಆ 'ಒಂದ್ಸಲ' ಕಿವಿಯಲ್ಲೇ ಉಳಿಯಿತು. ಬಂದು, ನೋಡಿ, ಮುಗಿಸಿ ಹೋಗುವವರ ಮಾತು ಅದು.

ಹೊಂಗೆಮರದ ಕೆಳಗೆ ಕೂತಿದ್ದ ತಾಯವ್ವನ ಹತ್ತಿರ ಹೋಗಿ, ಅಮ್ಮ ಹೇಳಿದ್ದನ್ನೆಲ್ಲಾ ಹೇಳಿದಳು.

"ಅವ್ವಾ, ಭಾನುವಾರ ಬರ್ಗರ್ ಮಾಡ್ಲಾ?"

"ಅದೇನದು?"

"ಬನ್ನನ್ನ ಎರಡು ಹೋಳು ಮಾಡಿ, ಮಧ್ಯ ತರಕಾರಿ ವಡೆ, ಈರುಳ್ಳಿ, ಟೊಮೇಟೊ, ಸಾಸ್ ಎಲ್ಲಾ ಇಟ್ಟು ತಿನ್ನೋದು. ಶನಿವಾರ ಬಂದ್ರೆ ಮನೇಲಿ ನಾನೂ ತಂಗಿನೂ ಅದನ್ನೇ ಮಾಡ್ತಿದ್ವಿ. ಅವಳದ್ದು ಬಿಟ್ಟು ನನ್ನದಕ್ಕೆ ಮೊದಲು ಬಾಯಿ ಹಾಕ್ತಿದ್ಲು."

"ಬನ್ನು ಗೋಧಿದಲ್ಲವೇನೇ?"

"ಅದಕ್ಕೇ ಬನ್ ಹಾಕಲ್ಲ ಅವ್ವಾ. ಉಳಿದಿದ್ದೆಲ್ಲಾ ಬಟ್ಟಲಲ್ಲಿ."

"ಬನ್ನು ತೆಗೆದ ಮೇಲೂ ಅದು ಬರ್ಗರೇನಾ?"

"ರುಚಿ ಅದೇ ಇರತ್ತೆ."

"ನೋಡೋಣ," ಎಂದರು ತಾಯವ್ವ.

ಶನಿವಾರ ಇಂಚರ ಮಾಡಿ ನೋಡಿದಳು. ಅಲಸಂದೆ ಬೇಯಿಸಿ, ಆಲೂಗಡ್ಡೆ ಜೊತೆ ಹಿಸುಕಿ, ಕ್ಯಾರೆಟ್ ತುರಿದು ಹಾಕಿ, ದುಂಡಗೆ ತಟ್ಟಿ ಕಾವಲಿಯ ಮೇಲಿಟ್ಟಳು. ಮಗುಚಿದಳು. ಒಡೆಯಿತು. ಇನ್ನೊಂದು ಇಟ್ಟಳು. ಅದೂ ಒಡೆಯಿತು.

ತಾಯವ್ವ ಬಾಗಿಲಲ್ಲಿ ನಿಂತಿದ್ದರು.

"ಅವ್ವಾ, ಇದು ನಿಲ್ತಾ ಇಲ್ಲ. ಹಿಡಿದಿಡೋಕೆ ಏನು ಹಾಕ್ಲಿ?"

ತಾಯವ್ವ ಗೋಡೆಯ ಗೂಡಿನಿಂದ ಒಂದು ಖಾಲಿ ಬಟ್ಟಲು ತೆಗೆದು ಅವಳ ಕೈಯಲ್ಲಿಟ್ಟು ಹೊರಟುಹೋದರು.

ಇಂಚರ ಬಟ್ಟಲನ್ನು ನೋಡಿದಳು. ಅವ್ವನಿಗೆ ಬಾಯಾರಿರಬೇಕು. ಮಜ್ಜಿಗೆ ತುಂಬಿಸಿಕೊಂಡು ಹೋಗಿ ಕೊಟ್ಟಳು.

ತಾಯವ್ವ ಅವಳ ಮುಖ ನೋಡಿದರು. ಮಜ್ಜಿಗೆ ನೋಡಿದರು. ಕುಡಿದರು.

ಭಾನುವಾರ ಬೆಳಿಗ್ಗೆಯೂ ವಡೆ ಒಡೆಯಿತು. ಹತ್ತೂವರೆಗೆ ಪ್ರಣತಿ ಬರುವ ಬಸ್ಸು. ಇಂಚರ ಗಡಿಯಾರ ನೋಡಿದಳು. ಮನೆಯಲ್ಲಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದಳು. ಕೈ ತಾನಾಗಿಯೇ ಡಬ್ಬಕ್ಕೆ ಹೋಯಿತು. ಒಳಗಿದ್ದದ್ದನ್ನು ಪುಡಿ ಮಾಡಿ ಕಲಸಿದಳು. ತಟ್ಟಿದಳು, ಮಗುಚಿದಳು. ಈ ಸಲ ವಡೆ ಗಟ್ಟಿಯಾಗಿ, ಗುಂಡಗೆ, ಹೇಳಿದ ಮಾತು ಕೇಳಿಕೊಂಡು ನಿಂತಿತು.

ಬಟ್ಟಲಿನ ತಳಕ್ಕೆ ಸಣ್ಣಗೆ ಹೆಚ್ಚಿದ ಎಲೆಕೋಸು ಹಾಸಿದಳು. ಅದರ ಮೇಲೆ ವಡೆ. ನಿಂಬೆರಸದಲ್ಲಿ ನೆನೆದ ಸೌತೆಕಾಯಿ, ಕೆಂಪಗೆ ಹುರಿದ ಈರುಳ್ಳಿ, ಟೊಮೇಟೊ ಬಿಲ್ಲೆ. ಗಟ್ಟಿ ಮೊಸರಿಗೆ ಸಾಸಿವೆ ಪುಡಿ, ಚೂರು ಬೆಲ್ಲ ಸೇರಿಸಿ ಮೇಲೆ ಸುರಿದಳು. ಕೊನೆಗೆ ಒಂದು ಚಿಟಿಕೆ ಎಳ್ಳು. ಬನ್ನು ತಲೆಯ ಮೇಲೆ ಹೊತ್ತಿರುತ್ತಿದ್ದ ಎಳ್ಳು. ಅದನ್ನು ಮಾತ್ರ ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

ಪ್ರಣತಿ ಬಂದಳು. ಉದ್ದವಾಗಿದ್ದಳು, ಸಣ್ಣಗಾಗಿದ್ದಳು. ಅಂಗಳದ ಕಲ್ಲುಬೆಂಚಿನ ತುದಿಯಲ್ಲಿ ಕೂತಳು. ಬ್ಯಾಗನ್ನು ಹೆಗಲಿನಿಂದ ಇಳಿಸಲಿಲ್ಲ.

"ಚೆನ್ನಾಗಿದ್ದೀಯಾ?" ಎಂದಳು ಇಂಚರ.

"ಹೂಂ."

"ಅಪ್ಪ?"

"ಇದ್ದಾರೆ."

"ಹನ್ನೆರಡಕ್ಕೆ ಬಸ್ಸಿದೆ ಅಲ್ವಾ?" ಎಂದು ಪ್ರಣತಿಯೇ ಕೇಳಿದಳು.

ಇಂಚರ ಒಳಗೆ ಹೋಗಿ ಬಟ್ಟಲು ತಂದಳು.

ಪ್ರಣತಿ ಬಟ್ಟಲಿನೊಳಗೆ ನೋಡಿದಳು. ಎಳ್ಳು ನೋಡಿದಳು. ಬ್ಯಾಗು ಹೆಗಲಿನಿಂದ ಅರ್ಧ ಜಾರಿತು.

"ನಮ್ಮ ಬರ್ಗರ್ರಾ?"

"ಬನ್ ಇಲ್ಲದ್ದು."

"ಗೋಧಿ ಇಲ್ಲ ತಾನೇ? ನಿಜ ಹೇಳು."

"ಇಲ್ಲ ಕಣೇ. ಅಮ್ಮ ಹೇಳಿದಾಳೆ ನಂಗೆ."

ಪ್ರಣತಿ ಚಮಚದಲ್ಲಿ ವಡೆಯ ಒಂದು ತುಂಡು ಮುರಿದಳು. ಅದರ ಮೇಲೆ ಸೌತೆಕಾಯಿ ಇಟ್ಟಳು. ಮೊಸರಿನಲ್ಲಿ ಹೊರಳಿಸಿದಳು. ಚಿಕ್ಕವಳಿದ್ದಾಗಿನಿಂದ ಅವಳು ಮೊದಲ ತುತ್ತನ್ನು ಹೀಗೆಯೇ ಸಿಂಗರಿಸುತ್ತಿದ್ದಳು.

ಆಗ ತಾಯವ್ವ ಟೀ ಲೋಟ ಹಿಡಿದು ಹೊರಗೆ ಬಂದರು.

"ಇಂಚರಾ, ಡಬ್ಬದಲ್ಲಿ ನನ್ನ ರಸ್ಕಿಲ್ಲವಲ್ಲೇ."

ಚಮಚ ತಂಗಿಯ ಬಾಯಿಯ ಹತ್ತಿರವಿತ್ತು.

ಇಂಚರ ಹಾರಿ ಬಂದು ಬಟ್ಟಲನ್ನೂ ಚಮಚವನ್ನೂ ಕಿತ್ತುಕೊಂಡಳು. ಮೊಸರು ಪ್ರಣತಿಯ ಬಟ್ಟೆಯ ಮೇಲೆ ಚೆಲ್ಲಿತು.

"ಏನೇ ಇದು!" ಪ್ರಣತಿ ಎದ್ದು ನಿಂತಳು. "ಕೊಟ್ಟು ಕಿತ್ಕೊಳ್ಳೋದೇ ಆಯ್ತಲ್ಲಾ ನಿಂದು!"

ಇಂಚರಳ ಬಾಯಿಗೆ ಮೊದಲು ಬಂದದ್ದು 'ಉಪ್ಪು ಜಾಸ್ತಿಯಾಗಿದೆ' ಎಂಬ ಮಾತು. ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ನಡೆದುಹೋಗುತ್ತಿತ್ತು.

ತಾಯವ್ವ ಟೀ ಊದುತ್ತಾ ನಿಂತಿದ್ದರು.

"ವಡೆಗೆ ರಸ್ಕಿನ ಪುಡಿ ಹಾಕ್ಬಿಟ್ಟಿದ್ದೀನಿ," ಎಂದಳು ಇಂಚರ. "ರಸ್ಕು ಗೋಧಿದು. ಒಡೀತಾ ಇತ್ತು, ಅದಕ್ಕೆ. ಬನ್ ತೆಗೆದ್ನಲ್ಲಾ, ಆಯ್ತು ಅಂದ್ಕೊಂಡೆ. ಒಳಗೆ ಏನು ಹಾಕ್ತಾ ಇದ್ದೀನಿ ಅಂತ ನೋಡ್ಲೇ ಇಲ್ಲ. ಇಲ್ಲ ಅಂತ ಬೇರೆ ಹೇಳ್ದೆ."

ಪ್ರಣತಿ ಅಕ್ಕನ ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು.

"ಅಂದ್ರೆ ನಿನ್ನ ಕೈಯಾರೆ ನನ್ನ ಮಲಗಿಸ್ತಿದ್ದೆ," ಎಂದಳು ಪ್ರಣತಿ.

"ಹೂಂ."

"ಆವತ್ತು ಒಂದು ಮಾತೂ ಹೇಳದೇ ಹೋದೆ."

"ಹೂಂ."

"ಇವತ್ತು ಹೇಳ್ದೆ." ಪ್ರಣತಿ ಬಟ್ಟೆಯ ಮೇಲಿನ ಮೊಸರನ್ನು ಬೆರಳಿನಲ್ಲಿ ಒರೆಸಿಕೊಂಡಳು. "ಪರವಾಗಿಲ್ಲ, ಎರಡು ವರ್ಷದಲ್ಲಿ ಏನೋ ಒಂಚೂರು ಕಲ್ತಿದ್ದೀಯ."

ಬ್ಯಾಗು ತೆಗೆದು ಬೆಂಚಿನ ಮೇಲಿಟ್ಟಳು.

"ಅಡುಗೆಮನೆ ಎಲ್ಲಿ? ಕಾವಲಿ ಮೊದಲು ತೊಳಿಬೇಕು. ಮಗುಚೋ ಸಟ್ಟುಗನೂ. ಈರುಳ್ಳಿ ನಾನೇ ಹೆಚ್ತೀನಿ, ನಿನ್ನ ನಂಬೋಕಾಗಲ್ಲ."

ಬೆಂದ ಆಲೂಗಡ್ಡೆ ಎರಡು ಉಳಿದಿದ್ದವು, ಅಲಸಂದೆ ಒಂದು ಹಿಡಿ. ಇಂಚರ ಕಾವಲಿಯನ್ನೂ ಸಟ್ಟುಗವನ್ನೂ ತನ್ನ ಕೈಯನ್ನೂ ಮೂರು ಸಲ ತೊಳೆದಳು. ಹೊಸದಾಗಿ ಕಲಸಿ ತಟ್ಟಿದಳು. ಕಾವಲಿಯ ಮೇಲಿಟ್ಟು, ಸುತ್ತ ಬೆರಳಿನಿಂದ ಒತ್ತಿ ಒತ್ತಿ ಹಿಡಿದಳು. ಬೆರಳು ಸುಟ್ಟಿತು. ಅಂಚು ಬಿರಿಯಿತು.

ತಾಯವ್ವ ಬಂದು ಸಟ್ಟುಗ ತೆಗೆದುಕೊಂಡರು. ವಡೆಯನ್ನು ಅಲ್ಲೇ, ಕಾವಲಿಯ ಮೇಲೇ, ನಾಲ್ಕಾಗಿ ಒಡೆದರು. ನಾಲ್ಕನ್ನು ಎಂಟು ಮಾಡಿದರು.

"ಅವ್ವಾ! ಅದು ಒಡೀಬಾರ್ದು!"

"ಯಾಕೆ?"

"ಒಡೆದ್ರೆ..." ಇಂಚರ ನಿಲ್ಲಿಸಿದಳು.

"ಕೈಯಲ್ಲಿ ಎತ್ತಿ ತಿನ್ನೋರಿಗೆ ಒಡೀಬಾರದು," ಎಂದರು ತಾಯವ್ವ. ಗೂಡಿನಿಂದ ಖಾಲಿ ಬಟ್ಟಲು ತೆಗೆದು ಅವಳ ಕೈಯಲ್ಲಿಟ್ಟರು. "ನಿನ್ನೆನೂ ಇದನ್ನೇ ಕೊಟ್ಟೆ. ನೀನು ಮಜ್ಜಿಗೆ ತುಂಬ್ಕೊಂಡು ಬಂದೆ."

ಈರುಳ್ಳಿ ಹೆಚ್ಚುತ್ತಿದ್ದ ಪ್ರಣತಿ ಪಕ್ಕನೆ ನಕ್ಕಳು. ಅವಳ ಕಣ್ಣಲ್ಲಿ ನೀರಿತ್ತು. ಈರುಳ್ಳಿಯದೇ ಇರಬೇಕು.

ಚೂರುಗಳು ಕಾವಲಿಯ ಮೇಲೆ ಎಲ್ಲ ಅಂಚಿನಲ್ಲೂ ಕೆಂಪಗೆ ಗರಿಗರಿಯಾದವು.

ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತು ತಿಂದರು. ಪ್ರಣತಿ ತನ್ನ ಬಟ್ಟಲನ್ನು ಪಕ್ಕಕ್ಕಿಟ್ಟು, ಏನೂ ಹೇಳದೆ, ಅಕ್ಕನ ಬಟ್ಟಲಿಗೆ ಚಮಚ ಹಾಕಿದಳು.

"ಉಪ್ಪು ಕಮ್ಮಿ," ಎಂದಳು. ಇನ್ನೊಂದು ಚಮಚ ತಗೊಂಡಳು.

ಹನ್ನೆರಡರ ಬಸ್ಸು ಹೋಯಿತು. ಎರಡೂವರೆಯ ಬಸ್ಸಿಗೆ ಪ್ರಣತಿ ಹೊರಟಳು. ತಾಯವ್ವ ಕೋಲೂರಿಕೊಂಡು ರಸ್ತೆಯವರೆಗೆ ಅವಳ ಜೊತೆ ನಡೆದುಹೋದರು. ಇಂಚರ ಅಂಗಳದಲ್ಲೇ ನಿಂತಳು. 'ಮತ್ತೆ ಬಾ' ಎಂದು ಕರೆಯಲು ಹೊರಟು ನಿಲ್ಲಿಸಿದಳು. ಬರಲ್ಲ ಅಂದುಬಿಟ್ಟರೆ ಎಂಬ ಹೆದರಿಕೆ. ಅವಳು ಕೈ ಬೀಸಿದಳು. ತಂಗಿಯೂ ಬೀಸಿದಳು.

ತಾಯವ್ವ ವಾಪಸ್ ಬಂದಾಗ ಇಂಚರ ಮೆಟ್ಟಿಲಲ್ಲಿ ಬಟ್ಟಲು ತೊಳೆಯುತ್ತಿದ್ದಳು. ತೊಳೆದ ಬಟ್ಟಲನ್ನೇ ಮತ್ತೆ ತೊಳೆಯುತ್ತಿದ್ದಳು.

"ಅವ್ವಾ."

"ಏನೇ?"

"ಒಂದ್ಸಲ ನೋಡ್ಕೊಂಡು ಹೋಗ್ತೀನಿ ಅಂತ ಬಂದವಳು. ನೋಡಿದ್ದಾಯ್ತು. ಮತ್ತೆ ಬಾ ಅಂತ ಕರೆಯೋಕೆ ನಂಗೆ ಬಾಯೇ ಬರ್ಲಿಲ್ಲ. ಇನ್ನು ಬರ್ತಾಳಾ ಅವ್ವಾ?"

ತಾಯವ್ವ ಮೆಟ್ಟಿಲ ಮೇಲೆ ನಿಧಾನಕ್ಕೆ ಕೂತರು. ಕೋಲನ್ನು ಪಕ್ಕಕ್ಕಿಟ್ಟರು.

"ನನ್ನ ರಸ್ಕೆಲ್ಲಾ ನಿಮ್ಮಕ್ಕ ಖಾಲಿ ಮಾಡಿದ್ಲು, ಮತ್ತೆ ಬರ್ತಾ ಒಂದು ಪ್ಯಾಕೆಟ್ ತಂದ್ಕೊಡು ಅಂದೆ ಅವಳಿಗೆ. ದೊಡ್ಡ ಪ್ಯಾಕೆಟ್ಟಾ, ಚಿಕ್ಕದಾ ಅಂತ ಕೇಳಿದ್ಲು."

"ನೀವೇನಂದ್ರಿ?"

"ಚಿಕ್ಕದು ತಾ ಅಂದೆ. ಬೇಗ ಮುಗಿಯತ್ತೆ."