ಹಬ್ಬಕ್ಕೆ ಮುಂಚಿನ ದ್ರಾಕ್ಷಿ

ಆರ್ಮೇನಿಯಾ ಬೆಟ್ಟಗಳ ದೇಶ. ಅಲ್ಲಿ ಕೆಂಪು ಬಂಡೆಗಳ ನಡುವೆ ಒಂದು ಹೊಳೆ, ಹೊಳೆಯ ಮೇಲ್ಗಡೆ ಒಂದು ಕ್ರೈಸ್ತ ಮಠ, ಮಠದ ಕೆಳಗೆ ಒಂದು ದ್ರಾಕ್ಷಿ ತೋಟ.

ತೋಟದಲ್ಲಿ ಇದ್ದದ್ದು ಒಂದೇ ಜಾತಿ, ಅರೇನಿ. ಕಪ್ಪು ಹಣ್ಣು, ದಪ್ಪ ಸಿಪ್ಪೆ. ಬಳ್ಳಿ ಮೊದಲೋ ಮಠ ಮೊದಲೋ ಎಂದು ಯಾರಾದರೂ ಕೇಳಿದರೆ ಅಲ್ಲಿಯ ಹಿರಿಯರಿಗೆ ನಗು. ಬಳ್ಳಿ ಇತ್ತೆಂದೇ ಅಲ್ಲಿ ಮಠ ಕಟ್ಟಿದ್ದು ಎನ್ನುತ್ತಿದ್ದರು.

ಮಠಕ್ಕೊಂದು ನಿಯಮವಿತ್ತು. ಬೇಸಿಗೆಯ ಕೊನೆಗೆ ಮಾತೆ ಮರಿಯಳ ಹಬ್ಬ. ಆ ಭಾನುವಾರ ಗುರುಗಳು ಮೊದಲ ಗೊಂಚಲುಗಳನ್ನು ಹರಸುತ್ತಾರೆ. ಅದಕ್ಕೆ ಮುಂಚೆ ಯಾರೂ ಒಂದು ದ್ರಾಕ್ಷಿಯನ್ನೂ ಬಾಯಿಗೆ ಹಾಕುವಂತಿಲ್ಲ.

ಅರೇನಿಗೆ ಮಾತ್ರ ಹಬ್ಬದ ಪರಿವೆಯೇ ಇಲ್ಲ. ಅದು ನಿಧಾನದ ಹಣ್ಣು. ಹಬ್ಬದ ಹೊತ್ತಿಗೆ ಅರ್ಧ ಹಸಿರು, ಅರ್ಧ ಕೆಂಪು. ಕೈಗೆಟುಕದ ದ್ರಾಕ್ಷಿ ಹುಳಿ ಎನ್ನುತ್ತೇವೆ ನಾವು. ಅಲ್ಲಿ ಕೈಗೆಟುಕಿದ್ದೂ ಹುಳಿಯೇ. ಹಬ್ಬದ ದಿನ ಎಲ್ಲರೂ ಮುಖ ಕಿವುಚಿಕೊಂಡು ತಿಂದು, ಸಿಹಿಯಾಗಿದೆ ಎನ್ನುತ್ತಿದ್ದರು.

ಆ ಮಠದ ಗುರುಗಳು ಎಸಾಯಿ. ಅವರ ಶಿಷ್ಯರಲ್ಲಿ ನಿಯಮದ ವಿಷಯಕ್ಕೆ ಸಾಹಕನನ್ನು ಮೀರಿಸುವವರಿರಲಿಲ್ಲ. ಹಬ್ಬದ ತನಕ ತೋಟ ಕಾಯುವ ಕೆಲಸವನ್ನು ಅವನೇ ಕೇಳಿ ಪಡೆದಿದ್ದ. ಗುಬ್ಬಿಗೂ ನಿಯಮ ಓದಿ ಹೇಳಿಯೇ ಓಡಿಸುತ್ತಾನೆ ಎಂದು ಉಳಿದವರು ಆಡಿಕೊಳ್ಳುತ್ತಿದ್ದರು.

ತೋಟದ ಅಂಚಿನ ಗುಡಿಸಲಲ್ಲಿ ತಾಗುಹಿ ಎಂಬ ಮುದುಕಿ ಇದ್ದಳು. ಆ ಸೀಮೆಯ ಹಿಮಕ್ಕೆ ಬಳ್ಳಿ ಉಳಿಯಬೇಕಾದರೆ ಚಳಿಗಾಲಕ್ಕೆ ಮುಂಚೆ ಅದನ್ನು ನೆಲಕ್ಕೆ ಬಾಗಿಸಿ ಮಣ್ಣು ಮುಚ್ಚಬೇಕು. ವಸಂತದಲ್ಲಿ ಮಣ್ಣು ಸರಿಸಿ ಮತ್ತೆ ಎಬ್ಬಿಸಬೇಕು. ಹರೆಯದಿಂದಲೂ ಆ ಕೆಲಸ ಅವಳದೇ.

ಒಂದು ವರ್ಷ ವಿಪರೀತ ಹಿಮ ಬಿದ್ದು ಕಣಿವೆಯ ಎಷ್ಟೋ ತೋಟಗಳು ಸತ್ತವು. ಮಠದ ತೋಟ ಉಳಿಯಿತು. ಉಳಿಸಿದವಳು ಹಾಸಿಗೆ ಹಿಡಿದಳು.

ಹಬ್ಬದ ಹಿಂದಿನ ಶುಕ್ರವಾರ ಸಾಹಕ ಅವಳಿಗೆ ಗಂಜಿ ತಂದ.

"ಮಗಾ, ಒಂದು ದ್ರಾಕ್ಷಿ ತಂದುಕೊಡ್ತೀಯಾ?" ಎಂದಳು ತಾಗುಹಿ.

"ಹಬ್ಬ ಭಾನುವಾರ ಅಜ್ಜಿ. ಇವತ್ತಿನ್ನೂ ಶುಕ್ರವಾರ."

"ವಾರ ನನಗೂ ಗೊತ್ತಪ್ಪ. ಗೊಂಚಲು ಬೇಡ, ಒಂದೇ ಒಂದು ಸಾಕು. ನೆಲಕ್ಕೆ ಬಿದ್ದಿದ್ದಾದ್ರೂ ಆದೀತು."

"ಇನ್ನೂ ಹುಳಿ. ಬಾಯಿಗಿಡೋಕಾಗಲ್ಲ."

"ಸಿಹಿ ಬೇಕು ಅಂದೆನಾ ನಾನು? ಮಣ್ಣು ಮುಚ್ಚಿದ ಕೈ ಇದು. ಈ ಸಲದ್ದು ಹೇಗೆ ಬಂದಿದೆ ಅಂತ ನೋಡಬೇಕು, ಅಷ್ಟೆ."

ಸಾಹಕನ ಮನಸ್ಸು ಕರಗಿತು. ಆದರೆ ಕರಗಿದ್ದನ್ನೇ ಅವನು ತನಗೊಡ್ಡಿದ ಪರೀಕ್ಷೆ ಎಂದುಕೊಂಡ.

"ಹರಸಿದ ಮೊದಲ ಗೊಂಚಲು ನಿಮಗೇ ತರ್ತೀನಿ ಅಜ್ಜಿ. ಇದು ನನ್ನ ಮಾತು."

"ಆಯ್ತಪ್ಪ" ಎಂದು ಮುದುಕಿ ಗೋಡೆಯ ಕಡೆ ಹೊರಳಿದಳು. ಗಂಜಿ ಹಾಗೇ ಆರಿತು.

ಶನಿವಾರ ಬೆಳಗಾಗುವಷ್ಟರಲ್ಲಿ ತಾಗುಹಿ ಹೋಗಿಬಿಟ್ಟಿದ್ದಳು. ಸಂಜೆ ತೋಟದ ಬೇಲಿಯ ಪಕ್ಕ ಅವಳನ್ನು ಮಣ್ಣು ಮಾಡಿದರು.

ಭಾನುವಾರ ಗುರುಗಳು ದ್ರಾಕ್ಷಿ ಹರಸಿದರು. ಸಾಹಕ ಮೊದಲ ಗೊಂಚಲು ಎತ್ತಿಕೊಂಡು ಓಡಿದ. ಹಸಿಮಣ್ಣಿನ ಮೇಲೆ ಅದನ್ನಿಟ್ಟು ಕೂತ. ಗುಬ್ಬಿಗಳು ಬಂದು ಕುಕ್ಕಿದವು. ಅವನು ಓಡಿಸಲಿಲ್ಲ.

ಆಮೇಲೆ ಹೊಳೆಯ ದಡದಲ್ಲಿ ಕೂತಿದ್ದ ಗುರುಗಳ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದ.

"ಗುರುಗಳೇ, ನಾನು ನಿಯಮ ಮೀರಲಿಲ್ಲ."

"ಹೌದು, ಮೀರಲಿಲ್ಲ."

"ಮತ್ತೆ ನಿನ್ನೆಯಿಂದ ತುತ್ತು ಯಾಕೆ ಗಂಟಲಲ್ಲಿ ಇಳಿಯುತ್ತಿಲ್ಲ?"

ಗುರುಗಳು ತಮ್ಮ ಪಾಲಿನ ಗೊಂಚಲಿನಿಂದ ಒಂದು ದ್ರಾಕ್ಷಿ ಬಿಡಿಸಿ ಅವನ ಕೈಗಿಟ್ಟರು.

"ತಿನ್ನು."

ಸಾಹಕ ತಿಂದ.

"ಹೇಗಿದೆ?"

"ಹುಳಿ."

"ಹರಸಿದ ಮೇಲೂ?"

"ಹರಸಿದ ಮೇಲೂ."

"ಹಾಗಾದರೆ ನಾನು ಹರಸಿದ್ದು ಏನನ್ನು?"

ಸಾಹಕ ಗುರುಗಳ ಕಾಲು ಹಿಡಿದ.

"ಏನಾದರೂ ಪ್ರಾಯಶ್ಚಿತ್ತ ಕೊಡಿ."

"ಯಾವುದಕ್ಕೆ? ನೀನು ನಿಯಮ ಮೀರಲಿಲ್ಲವಲ್ಲ."

"ಕೊಡದಿದ್ದರೆ ನಾನೇ ಹಾಕಿಕೊಳ್ಳುತ್ತೇನೆ. ಇನ್ನು ಈ ಜನ್ಮದಲ್ಲಿ ದ್ರಾಕ್ಷಿ ಮುಟ್ಟುವುದಿಲ್ಲ."

"ಇನ್ನೊಂದು ನಿಯಮವೇ?" ಎಂದರು ಗುರುಗಳು. "ಅವಳು ನಿನ್ನ ಹತ್ತಿರ ಕೇಳಿದ್ದು ಉಪವಾಸವನ್ನಲ್ಲ."

ಸಾಹಕ ಕಾಲು ಬಿಟ್ಟು ಎದ್ದು ಕೂತ.

"ನೀವಾಗಿದ್ದರೆ ಕೊಡುತ್ತಿದ್ದಿರಾ ಗುರುಗಳೇ?"

"ಅವಳು ನನ್ನನ್ನು ಕೇಳಲಿಲ್ಲ. ನಿನ್ನನ್ನು ಕೇಳಿದಳು."

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಹೇಳುವವರು ಹೇಳುತ್ತಾರೆ. ಹೇಳುವುದಕ್ಕೇನು, ಬಾಯಿಗೆ ಬಾಡಿಗೆಯೇ? ಸಾಹಕನಿಗೆ ಮಾತ್ರ ಗಂಜಿಯ ಬಟ್ಟಲು ಕಂಡಾಗಲೆಲ್ಲ ಗೋಡೆಯ ಕಡೆ ಹೊರಳಿದ ಆ ಬೆನ್ನು ಕಾಣುತ್ತಿತ್ತು.

ಎಲೆ ಹಳದಿಯಾಗುವ ಹೊತ್ತಿಗೆ ಅರೇನಿ ಕಪ್ಪಾಯಿತು. ದ್ರಾಕ್ಷಿ ಕೊಯ್ದರು, ತುಳಿದರು, ಮದ್ಯವಾಗಲೆಂದು ರಸವನ್ನು ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಹಂಡೆಗಳಿಗೆ ತುಂಬಿದರು. ರುಚಿ ನೋಡಿದವರೆಲ್ಲ ಒಂದೇ ಮಾತು ಹೇಳಿದರು.

"ಈ ಸಲದ್ದು ಬಹಳ ಚೆನ್ನಾಗಿ ಬಂದಿದೆ."

ಸಾಹಕ ಥಟ್ಟನೆ ಎದ್ದು ಹೊರಗೆ ನಡೆದ. ಗುಡಿಸಲ ಬಾಗಿಲ ತನಕ ಹೋದ ಮೇಲೆಯೇ ಅವನಿಗೆ ನೆನಪಾದದ್ದು, ಆ ಸುದ್ದಿ ಕೇಳಬೇಕಾದವಳು ಒಳಗಿಲ್ಲ ಎಂದು. ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತ.

ಚಳಿ ಶುರುವಾಯಿತು. ಒಂದು ಬೆಳಿಗ್ಗೆ ಗುರುಗಳು ಅವನ ಕೈಗೆ ತಾಗುಹಿಯ ಸಲಿಕೆ ಕೊಟ್ಟರು. ಅವಳು ಹಿಡಿಯುತ್ತಿದ್ದ ಜಾಗದಲ್ಲಿ ಹಿಡಿ ಸವೆದಿತ್ತು.

ಸಾಹಕ ಮೊದಲ ಬಳ್ಳಿಯನ್ನು ಬಾಗಿಸಿದ. ಅದು ಲಟಕ್ಕೆಂದು ಮುರಿಯಿತು.

"ಹೇಗೆ ಬಾಗಿಸಬೇಕು ಗುರುಗಳೇ?"

"ಅದು ಗೊತ್ತಿದ್ದವಳಿಗೆ ಒಂದು ದ್ರಾಕ್ಷಿ ಬೇಕಿತ್ತು," ಎಂದು ಗುರುಗಳು ಮಠದ ಕಡೆ ನಡೆದರು.

ಅವನು ಮುರಿದು ಮುರಿದು ಕಲಿತ. ಬೆರಳು ಬಿರಿದವು, ಸೊಂಟ ನೆಟ್ಟಗಾಗಲಿಲ್ಲ. ಒಂದೊಂದು ಬಳ್ಳಿಗೆ ಮಣ್ಣು ಎಳೆಯುವಾಗಲೂ, ಇಷ್ಟನ್ನೂ ಒಬ್ಬಳೇ ಮಾಡುತ್ತಿದ್ದಳಲ್ಲ ಎಂದುಕೊಂಡ. ಹಿಮ ಬಿತ್ತು, ಕರಗಿತು. ವಸಂತದಲ್ಲಿ ಮಣ್ಣು ಸರಿಸಿದಾಗ ಕೆಲವು ಬಳ್ಳಿಗಳು ಕೊಳೆತಿದ್ದವು. ಉಳಿದವು ಚಿಗುರಿದವು.

ಮತ್ತೆ ಬೇಸಿಗೆಯ ಕೊನೆ ಬಂತು. ತೋಟ ಕಾಯುವ ಕೆಲಸವನ್ನು ಈ ಸಲ ಸಾಹಕ ಕೇಳಲಿಲ್ಲ. ಗುರುಗಳೇ ಅವನಿಗೆ ಕೊಟ್ಟರು.

ಹಬ್ಬದ ಹಿಂದಿನ ಶುಕ್ರವಾರ ಅವನು ಒಂದು ಬಳ್ಳಿಯ ಮುಂದೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಕೈ ಚಾಚಿ ಒಂದು ದ್ರಾಕ್ಷಿ ಬಿಡಿಸಿದ. ಒಂದೇ ಒಂದು. ಅದನ್ನು ಅಂಗೈಯಲ್ಲಿಟ್ಟುಕೊಂಡು ಗುಡಿಸಲಿಗೆ ಹೋದ. ಹಾಸಿಗೆ ಇದ್ದ ಜಾಗ ಬರಿದಾಗಿತ್ತು. ಬೇಲಿಯ ಪಕ್ಕಕ್ಕೆ ಹೋದ. ಅಲ್ಲಿ ಮಣ್ಣಿನ ಮೇಲೆ ಹುಲ್ಲು ಬೆಳೆದಿತ್ತು. ಇಡಲು ಮನಸ್ಸಾಗಲಿಲ್ಲ.

ಕೊನೆಗೆ ಹೊಳೆಯ ದಡಕ್ಕೆ ಬಂದು ಗುರುಗಳ ಮುಂದೆ ಅಂಗೈ ಬಿಚ್ಚಿದ.

"ಗುರುಗಳೇ, ನಿಯಮ ಮೀರಿದೆ."

"ಯಾರು ಕೇಳಿದರು?"

"ಈ ಸಲ ಯಾರೂ ಕೇಳಲಿಲ್ಲ."

ಗುರುಗಳು ಆ ದ್ರಾಕ್ಷಿಯನ್ನು ಎತ್ತಿಕೊಂಡರು. ಅರ್ಧ ಹಸಿರು, ಅರ್ಧ ಕೆಂಪು. ತಲೆ ನರೆಯುವ ತನಕ ಹಬ್ಬಕ್ಕೆ ಮುಂಚೆ ಒಂದು ದ್ರಾಕ್ಷಿಯನ್ನೂ ಮುಟ್ಟದವರು, ಅದನ್ನು ಬಾಯಿಗೆ ಹಾಕಿಕೊಂಡರು.

ಸಾಹಕ ಗಾಬರಿಯಾದ. ಹಳೆಯ ಮಾತೇ ಅವನ ಬಾಯಿಗೆ ಬಂತು.

"ಹಬ್ಬ ಭಾನುವಾರ ಗುರುಗಳೇ. ಇವತ್ತಿನ್ನೂ ಶುಕ್ರವಾರ."

ಗುರುಗಳು ನಿಧಾನವಾಗಿ ಅಗಿದರು. ಹುಳಿಗೆ ಅವರ ಮುಖ ಕಿವುಚಿಕೊಂಡಿತು, ಕಣ್ಣಲ್ಲಿ ನೀರು ಬಂತು.

"ವಾರ ಸರಿಯಾಗಿಯೇ ಇದೆ ಸಾಹಕ," ಎಂದರು. "ವರ್ಷ ತಪ್ಪಿತು."