ಮೇಲೇಳದ ಶವಪೆಟ್ಟಿಗೆ

“ಕೇಳಿರಪ್ಪಾ ಕೇಳಿ! ರಾಜಕುಮಾರಿ ಹಿಲ್ಡ್‌ವಿನ್ನಳ ಶವಪೆಟ್ಟಿಗೆ ಕೇಳುವ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ. ಇದು ಕುತ್‌ಹೆಲ್ಮ್ ದೊರೆಯ ಆಜ್ಞೆ!”

ಡಂಗುರ ಕೇಳಿ ಬಾತು ಕಾಯುವ ಡುನ್ನ ಕೈಯಲ್ಲಿದ್ದ ಕೋಲು ಕೆಳಗಿಟ್ಟ. ಜೌಗುನೀರಿನಿಂದ ಆ ಹುಡುಗಿಯ ಹೆಣ ಎತ್ತಿದವನು ಅವನೇ. ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ಅವಳ ತಣ್ಣನೆಯ ಕೈ ಬಂದು ಅವನ ಮಣಿಕಟ್ಟು ಹಿಡಿಯುತ್ತಿತ್ತು.

ಇದು ಇಂಗ್ಲೆಂಡಿನ ಜೌಗುನಾಡಿನಲ್ಲಿ ಬಹಳ ಹಿಂದೆ ನಡೆದದ್ದು. ಹಿಲ್ಡ್‌ವಿನ್ನಳಿಗೆ ಸನ್ಯಾಸಿನಿಯಾಗುವ ಆಸೆ, ಅಪ್ಪನಿಗೆ ಪಕ್ಕದ ನಾಡಿನ ಅಳಿಯನ ಆಸೆ. ಹಿಮ ಬಿದ್ದ ಒಂದು ಬೆಳಗ್ಗೆ ಮಠದ ಕಡೆ ಓಡಿದವಳು ಹೆಣವಾಗಿ ಬಂದಳು. ಹೆಣ ಕೆಡಲಿಲ್ಲ. ಜನ ಸಂತಳೆಂದು ಕೈಮುಗಿದರು. ಅರಮನೆಯ ಚರ್ಚಿನಲ್ಲಿ ಹೂಳೋಣವೆಂದರೆ ಎಂಟಾಳು ಹಿಡಿದರೂ ಪೆಟ್ಟಿಗೆ ಮೇಲೇಳದು. ಸಂಜೆಯಾದರೆ ಒಳಗಿನಿಂದ ದನಿ ಬೇರೆ.

“ನಾನು ಮುಂದೆ ಹೋದೆ, ಅದು ಹಿಂದೆ ಉಳಿಯಿತು. ಬಾಯಿಲ್ಲದಿದ್ದರೂ ನನ್ನನ್ನು ಹಿಡಿದುಕೊಟ್ಟಿತು. ಏನದು?”

ಒಬ್ಬ ಸರದಾರ “ಕಳಚಿದ ಪಾಪ” ಎಂದ. ತಲೆ ಹೋಯಿತು. ಬಿಷಪ್ಪರು ಗಂಟಲು ಸರಿಮಾಡಿಕೊಂಡು “ಐಹಿಕ ದೇಹ” ಎಂದರು. ಅವರದೂ ಹೋಯಿತು. ಸಂತಳೆಂದ ಮೇಲೆ ದೇವರ ಮಾತೇ ಆಡುತ್ತಾಳೆಂದು ಎಲ್ಲರ ಎಣಿಕೆ. ಹೇಗೆ ಸತ್ತೆಯಮ್ಮಾ ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ, ನೋಡಿ.

“ನಿನಗ್ಯಾಕೋ ದೊಡ್ಡವರ ಉಸಾಬರಿ?” ಎಂದು ಅವ್ವ ಅಂಗಿ ಹಿಡಿದು ಜಗ್ಗಿದಳು.

“ಅವಳು ಮಲಗದೆ ನನಗೂ ನಿದ್ದೆಯಿಲ್ಲ ಕಣವ್ವಾ” ಎಂದು ಡುನ್ನ ಹೊರಟೇಬಿಟ್ಟ.

ಪೆಟ್ಟಿಗೆಯ ಪಕ್ಕ ಮಂಡಿಯೂರಿ ಹೇಳಿದ: “ಹಿಮದ ಮೇಲಿನ ಹೆಜ್ಜೆ ಗುರುತು, ತಾಯೀ. ದೊರೆಯ ಸೈನಿಕರು ಅದರ ಜಾಡು ಹಿಡಿದೇ ನಿಮ್ಮ ಬೆನ್ನಟ್ಟಿ ಬಂದರು.”

ಒಳಗೆ ನೀರು ತೊಟ್ಟಿಕ್ಕಿದ ಸದ್ದು. “ನೀರಿಗೆ ನೀರೇ ಸೇತುವೆಯಾಯಿತು. ನಂಬಿ ಕಾಲಿಟ್ಟೆ, ನುಂಗಿತು. ಏನದು?”

“ಮಂಜುಗಡ್ಡೆ. ಅದು ಬಿರಿದಲ್ಲೇ ನೀವು ನನಗೆ ಸಿಕ್ಕಿದ್ದು.”

“ಅಪ್ಪ ಕೊಟ್ಟರು, ಕೈಗೆ ಸಿಗಲಿಲ್ಲ. ಅಪ್ಪ ಮುರಿದರು, ಸದ್ದಾಗಲಿಲ್ಲ. ಏನದು?”

ಪಕ್ಕದಲ್ಲೇ ನಿಂತಿದ್ದ ದೊರೆಯ ಮುಖ ಬಿಳಿಚಿಕೊಂಡಿತು. ಡುನ್ನ ಒಮ್ಮೆ ಕೊಡಲಿ ಹಿಡಿದು ನಿಂತವನತ್ತ ನೋಡಿದ. ಉತ್ತರವೇನೋ ಹೊಳೆದಿತ್ತು. ಹೇಳದಿದ್ದರೆ ತಲೆ ಹೋಗುತ್ತದೆ, ದೊರೆಯ ಎದುರಿಗೇ ಹೇಳಿದರೆ ಉಳಿಯುತ್ತದೆಂಬ ಭರವಸೆಯೂ ಇಲ್ಲ.

“ಮಾತು” ಎಂದ ಮೆಲ್ಲಗೆ.

ಕೊಡಲಿಯವನು ದೊರೆಯ ಸನ್ನೆಗೆ ಕಾದ. ದೊರೆ ನೆಲ ನೋಡುತ್ತ ಹೇಳಿದ: “ಹೌದು. ಅವಳ ನೆತ್ತಿ ಮುಟ್ಟಿ ಕೊಟ್ಟಿದ್ದೆ, ಮದುವೆಗೆ ಬಲವಂತ ಮಾಡುವುದಿಲ್ಲವೆಂದು. ಏನು ಬೇಕೋ ಕೇಳಪ್ಪ.”

“ಅವರು ಹೊರಟಿದ್ದ ಮಠಕ್ಕೆ ಅವರನ್ನು ಮುಟ್ಟಿಸಿ, ಪ್ರಭು.”

“ಆಗಲಿ, ಮಾತು...” ಎಂದವನು ಪೆಟ್ಟಿಗೆಯ ಕಡೆ ನೋಡಿದ. ಪೆಟ್ಟಿಗೆಯೊಳಗೆ ತೊಟ್ಟಿಕ್ಕುವುದು ನಿಂತಿತ್ತು, ಅವಳು ಕಿವಿಗೊಟ್ಟಿದ್ದಳು.

ದೊರೆ ಆ ಮಾತು ಮುಗಿಸಲಿಲ್ಲ. ಕಿರೀಟ ತೆಗೆದು ನೆಲಕ್ಕಿಟ್ಟು ಪೆಟ್ಟಿಗೆಯ ಒಂದು ತುದಿಗೆ ಹೆಗಲು ಕೊಟ್ಟ. ಇನ್ನೊಂದು ತುದಿಗೆ ಡುನ್ನ. ಪೆಟ್ಟಿಗೆ ಎದ್ದಿತು.

ಜೌಗಿನ ದಾರಿ ದಾಟಿ ಮಠ ಮುಟ್ಟುವವರೆಗೂ ಅಪ್ಪ ಹೆಗಲು ತೆಗೆಯಲಿಲ್ಲ, ಮಗಳೂ ಮತ್ತೆ ಏನೂ ಕೇಳಲಿಲ್ಲ. ಡುನ್ನನಿಗೆ ಅಂದು ಕಣ್ತುಂಬ ನಿದ್ದೆ ಬಂತು. ದೊರೆಗೆ ಬಂತೋ ಇಲ್ಲವೋ, ನಾನು ಹೇಳಲಾರೆ.