ಸಂಕವ್ವ ಹೊಲಿದ, ಯಾರದೂ ಅಲ್ಲದ ಚೀಲ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ಹೊಳೆ ದಂಡೆಯ ಒಂದು ಊರಿನಲ್ಲಿ ಸಂಕವ್ವ ಅಂತ ಒಬ್ಬಳಿದ್ದಳಂತೆ. ಆ ಊರು ಇದೇ ಊರು ಅಂತ ನಮ್ಮವರು ಹೇಳುತ್ತಾರೆ. ಹೊಳೆಯಾಚೆಯವರು ಅದು ತಮ್ಮೂರು ಅಂತಾರೆ. ನಡುವೆ ಯಾವಾಗಲೋ ಹೊಳೆಯೇ ಜಾಗ ಬದಲಿಸಿತಂತೆ. ಹಾಗಾದರೆ ಇಬ್ಬರು ಹೇಳುವುದೂ ನಿಜ ಇರಬಹುದು. ನನಗಂತೂ ಈ ಕಥೆಯಲ್ಲಿ ಮೊದಲಿಂದಲೂ ಗೊಂದಲವೇ. ಮುಗಿಯುವ ಹೊತ್ತಿಗೆ ನಿಮಗೂ ಆಗುತ್ತದೆ, ಆಮೇಲೆ ನನ್ನ ಮೇಲೆ ಹರಿಹಾಯಬೇಡಿ.

ಸಂಕವ್ವ ಚೀಲ ಹೊಲಿಯುವವಳು. ಸಂತೆಗೆ ಒಯ್ಯುವ ಕೈಚೀಲ. ಹಳೆ ಸೀರೆ, ಹಳೆ ಧೋತರ, ಮೊಣಕೈ ಹರಿದ ಅಂಗಿ, ಏನು ಕೊಟ್ಟರೂ ಅದರಲ್ಲಿ ಗಟ್ಟಿ ಇದ್ದಷ್ಟನ್ನು ಬೇರೆ ಮಾಡಿ ಚೀಲ ಮಾಡುತ್ತಿದ್ದಳು. ಆಕೆಯ ಚೀಲದಲ್ಲಿ ಎಮ್ಮೆಗರುವನ್ನು ಹೊತ್ತು ಹೊಳೆ ದಾಟಿದರು ಅಂತಾರೆ. ನೀರು ತುಂಬಿದರೂ ಹನಿ ಸೋರುತ್ತಿರಲಿಲ್ಲ ಅಂತಾರೆ. ನೀರಿನ ಮಾತನ್ನು ನಾನು ನಂಬುವುದಿಲ್ಲ, ಬಟ್ಟೆ ಬಟ್ಟೆಯೇ. ಎಮ್ಮೆಗರುವಿನ ಮಾತು ಇರಬಹುದು, ಯಾಕೆಂದರೆ ಹೊಲಿಗೆ ಹಾಗಿತ್ತು.

ಎರಡು ಅಂಚು ಕೂಡಿಸಿ ಒಮ್ಮೆ ಹೊಲಿಯುತ್ತಿದ್ದಳು. ಆ ಅಂಚನ್ನು ಒಳಗೆ ಮಡಚಿ, ಅದರ ಮೇಲೆ ಮತ್ತೆ ಹೊಲಿಯುತ್ತಿದ್ದಳು. ತಳದ ಮೂಲೆಗಳನ್ನು ಚಿವುಟಿ ಹಿಡಿದು ಅಡ್ಡಕ್ಕೆ ಹೊಲಿಗೆ ಹಾಕುತ್ತಿದ್ದಳು. ಹಾಗಾಗಿ ಆಕೆಯ ಚೀಲ ನೆಲಕ್ಕೆ ಇಟ್ಟರೆ ಉರುಳದೆ ಕೂತುಕೊಳ್ಳುತ್ತಿತ್ತು. ಹಿಡಿಕೆಗೆ ಸೀರೆಯ ದಡಿಯೇ, ಆ ಗಟ್ಟಿ ಅಂಚೇ ಆಗಬೇಕು. ಮೈ ಜಾಳಾದರೂ ದಡಿ ಜಾಳಾಗುವುದಿಲ್ಲ, ಇದು ಉಟ್ಟವರಿಗೆಲ್ಲ ಗೊತ್ತು. ಹಿಡಿಕೆ ಚೀಲಕ್ಕೆ ಕೂಡುವಲ್ಲಿ ಒಂದು ಚೌಕ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಕತ್ತರಿ ಹೊಲಿಗೆ. ದಾರಕ್ಕೆ ಜೇನುಮೇಣ ತಿಕ್ಕುತ್ತಿದ್ದಳು. ಈಗ ನಿಮ್ಮ ಅಂಗಡಿಯವನು ಕೊಡುವ ಚೀಲ ಮನೆ ಮುಟ್ಟುವ ಮೊದಲೇ ಕಿವಿ ಕಿತ್ತುಕೊಂಡಿರುತ್ತದೆ. ಅದನ್ನು ಸಂಕವ್ವ ನೋಡಿದ್ದರೆ ಉಗಿಯುತ್ತಿದ್ದಳು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತಂತೆ. ಯಾವ ಮನೆಯ ಚೀಲವೋ ಆ ಮನೆಯ ಬಟ್ಟೆಯಿಂದಲೇ ಹೊಲಿಯಬೇಕು. ಹಿಡಿಕೆ ಆ ಮನೆಯ ಹೆಣ್ಣುಮಗಳ ಸೀರೆ ದಡಿಯದೇ ಇರಬೇಕು. ಯಾಕೆಂದರೆ ಸಂತೆ ದೂರ, ಎಲ್ಲರೂ ಹೋಗುವ ಹಾಗಿಲ್ಲ. ಹಾಲಪ್ಪ ಅಂತ ಒಬ್ಬ ಗಾಡಿಯವನಿದ್ದ. ಸಂತೆ ದಿನ ಬೆಳಿಗ್ಗೆ ಅವನು ಎತ್ತು ಹೂಡುತ್ತಿರುವಾಗ ಜನ ತಮ್ಮ ತಮ್ಮ ಚೀಲ ತಂದು ಗಾಡಿಯ ಗೂಟಕ್ಕೆ ನೇತುಹಾಕಿ ಹೋಗುತ್ತಿದ್ದರು. ಸಂತೆಯಲ್ಲಿ ಕೊಡಬೇಕಾದ ಮೆಣಸಿನಕಾಯಿಯೋ ಬೆಣ್ಣೆಯೋ ಚೀಲದೊಳಗೆ. ಬೇಕಾದದ್ದರ ಒಂದೊಂದು ಚೂರು ಒಳಜೇಬಿನಲ್ಲಿ. ಉಪ್ಪು ಬೇಕಿದ್ದರೆ ಒಂದು ಹರಳು ಉಪ್ಪು, ಈರುಳ್ಳಿ ಬೇಕಿದ್ದರೆ ಅದರ ಸಿಪ್ಪೆ, ಹುಣಸೆಹಣ್ಣು ಬೇಕಿದ್ದರೆ ಹುಣಸೆಬೀಜ. ಸಂತೆಯವರು ಜೇಬು ತಡವಿ ನೋಡಿ ಚೀಲ ತುಂಬುತ್ತಿದ್ದರು. ಸಂಜೆ ಹಾಲಪ್ಪ ಹಿಡಿಕೆಯ ದಡಿ ನೋಡಿ ಇದು ಇಂಥವರ ಮನೆಯದು ಅಂತ ಬಾಗಿಲ ಮುಂದೆ ಇಳಿಸುತ್ತಿದ್ದ. ಮಾತಿಲ್ಲ ಕಥೆಯಿಲ್ಲ, ಎಲ್ಲ ಸಲೀಸು.

ಒಂದೇ ಒಂದು ಕಟ್ಟಳೆ ಇತ್ತು. ಸತ್ತವರ ಬಟ್ಟೆ ಚೀಲಕ್ಕೆ ಸೇರಬಾರದು. ಅನ್ನ ತರುವ ಚೀಲ ಅದು. ಸತ್ತವರ ಸೀರೆ ಏನಾದರೂ ಸಂಕವ್ವನ ಹತ್ತಿರ ಉಳಿದಿದ್ದರೆ ಅದನ್ನು ಹೊಳೆಗೆ ಬಿಡಬೇಕು. ಸಂಕವ್ವ ಹಾಗೇ ಮಾಡುತ್ತಾ ಬಂದಿದ್ದಳು ಅಂತಾರೆ.

ಆ ಊರಿನಲ್ಲಿ ಗಾಣದ ಅಡಿವೆಪ್ಪ ಅಂತ ಒಬ್ಬನಿದ್ದ. ಕುಸುಬಿ ಎಣ್ಣೆ ತೆಗೆಯುವವನು. ಅವನ ಹೆಂಡತಿ ಹೊನ್ನವ್ವ. ಆಕೆಗೆ ತವರಿನವರು ಕೊಟ್ಟ ಒಂದು ಸೀರೆ ಇತ್ತು, ಬದನೆಕಾಯಿ ಬಣ್ಣದ್ದು, ಹಳದಿ ದಡಿ. ಅಂಥ ಸೀರೆ ಊರಲ್ಲಿ ಇನ್ನೊಂದಿರಲಿಲ್ಲ. ಆಕೆ ಹೊಳೆಯಿಂದ ಬರುತ್ತಿದ್ದರೆ ದೂರದಿಂದಲೇ ಗುರುತು ಹಿಡಿಯುತ್ತಿದ್ದರಂತೆ. ಸೀರೆ ಹಳೆಯದಾದಾಗ ಹೊನ್ನವ್ವ ಅದನ್ನು ಸಂಕವ್ವನಿಗೆ ಕೊಟ್ಟು ಹೊಸ ಚೀಲ ಹೊಲಿಯಲು ಹೇಳಿ ಬಂದಳು. ಚೀಲ ಆಗುವ ಮೊದಲೇ ಆಕೆಗೆ ಜ್ವರ ಬಂತು. ಹೊನ್ನವ್ವ ಹೋಗಿಬಿಟ್ಟಳು.

ಆಮೇಲೆ ಅಡಿವೆಪ್ಪ ಬಾಗಿಲು ಹಾಕಿಕೊಂಡ. ಗಾಣ ನಿಂತಿತು. ಮೊದಮೊದಲು ಜನ ಹೋದರು, ಬಾಗಿಲು ಬಡಿದರು, ಅವನು ತೆಗೆಯಲಿಲ್ಲ. ಆಮೇಲೆ ಹೋಗಲು ಎಲ್ಲರಿಗೂ ಒಂಥರಾ ಮುಜುಗರ. ಹೋಗಿ ಏನು ಹೇಳುವುದು? ಅವನ ಮನೆಯ ಹಳೆಯ ಚೀಲವೂ ಹರಿದಿತ್ತು, ಗಾಡಿಗೆ ಚೀಲ ಕಟ್ಟುವವರಿಲ್ಲ, ಚೀಲ ಕಟ್ಟದ ಮನೆಯ ಮುಂದೆ ಹಾಲಪ್ಪ ಗಾಡಿ ನಿಲ್ಲಿಸುವುದೂ ಇಲ್ಲ. ಎತ್ತಿಗೆ ಹಾಕುವ ಹಿಂಡಿಯನ್ನೇ ತಾನೂ ತಿನ್ನುತ್ತಿದ್ದನಂತೆ. ಹೀಗೇ ಬಿಟ್ಟರೆ ಇವನೂ ಹೆಂಡತಿಯ ಹಿಂದೆಯೇ ಹೋಗುತ್ತಾನೆ ಅಂತ ಊರಿಗೆಲ್ಲ ಗೊತ್ತಿತ್ತು. ಆ ಬಾಗಿಲು ತೆಗೆಸುವುದು ಹೇಗೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನನಗೆ ಈ ಜಾಗಕ್ಕೆ ಬಂದಾಗಲೆಲ್ಲ ಸಂಕಟ ಆಗುತ್ತದೆ.

ಹೀಗಿರುವಾಗ ಒಂದು ಸಂತೆಯ ಸಂಜೆ ಹಾಲಪ್ಪನ ಗಾಡಿ ಅಡಿವೆಪ್ಪನ ಮನೆ ಮುಂದೆ ನಿಂತಿತಂತೆ. ಚೀಲ ಇಳಿಸಿ ಹಾಲಪ್ಪ ಮುಂದೆ ಹೋದ. ಗಾಡಿಯ ಸದ್ದು ಕೇಳಿ ಅಡಿವೆಪ್ಪ ಬಾಗಿಲು ಓರೆ ಮಾಡಿ ನೋಡಿದ. ತುಂಬಿದ ಚೀಲ ನೆಟ್ಟಗೆ ಕೂತಿದೆ. ಹಿಡಿಕೆ ಹಳದಿ ದಡಿಯದು, ಅಂಚಿಗೆ ಬದನೆಕಾಯಿ ಬಣ್ಣ. ಹೊನ್ನವ್ವನ ಸೀರೆ.

ಅವನು ಅಲ್ಲೇ ಹೊಸ್ತಿಲ ಮೇಲೆ ಕೂತು ಚೀಲದೊಳಗೆ ಇಣುಕಿದನಂತೆ. ಒಳಗೆ ಉಪ್ಪು, ಬೆಲ್ಲ, ಬೆಳ್ಳುಳ್ಳಿ, ಜೋಳದ ಹಿಟ್ಟು, ಮೇಲೆ ಒಂದು ದೊಡ್ಡ ಕಟ್ಟು ಮೆಂತ್ಯದ ಸೊಪ್ಪು. ಹೊನ್ನವ್ವ ತರಿಸುತ್ತಿದ್ದದ್ದೂ ಇದನ್ನೇ ಅಂತಾರೆ. ಇರಬಹುದು. ಆದರೆ ಉಪ್ಪು ಬೆಲ್ಲ ಯಾರು ತರಿಸುವುದಿಲ್ಲ ಹೇಳಿ.

ಅವನು ಚೀಲ ಮನೆಯೊಳಗೆ ಇಟ್ಟುಕೊಂಡ, ಅದರಲ್ಲಿದ್ದದ್ದನ್ನು ಮುಟ್ಟಲಿಲ್ಲ. ಹೆಂಡತಿಯೇ ಕಳಿಸಿದಳು ಅಂತ ಒಮ್ಮೆ ಅನಿಸಿತು. ಛೇ, ಹುಚ್ಚು, ಅಂತ ಇನ್ನೊಮ್ಮೆ ಅನಿಸಿತು. ಬೆಳಗಾಗುವಷ್ಟರಲ್ಲಿ ಸೊಪ್ಪು ಬಾಡತೊಡಗಿತ್ತು. ನಾನಂತೂ ಗಾಡಿಗೆ ಚೀಲ ಕಟ್ಟಿಲ್ಲ, ಇದು ಯಾರದೋ ಮನೆಯ ಸೊಪ್ಪು, ಯಾರೋ ಇದಕ್ಕಾಗಿ ಕಾಯುತ್ತಿದ್ದಾರೆ, ಇಲ್ಲಿ ನನ್ನ ಮನೆಯಲ್ಲಿ ಬಾಡುತ್ತಿದೆ ಅಂದುಕೊಂಡ. ಅಡಿವೆಪ್ಪ ಹಟಮಾರಿ, ಆದರೆ ಇನ್ನೊಬ್ಬರ ತುತ್ತು ಇಟ್ಟುಕೊಳ್ಳುವವನಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೊರಬಿದ್ದ.

ಮೊದಲು ಹಾಲಪ್ಪನ ಹತ್ತಿರ ಹೋಗಿ ಇದು ಯಾರ ಚೀಲ ಅಂತ ಕೇಳಿದ. “ನನಗೇನು ಗೊತ್ತೋ ಮಾರಾಯಾ, ನಾ ಹಿಡಿಕಿ ನೋಡ್ತೀನಿ, ಮನಿ ಮುಂದ ಇಳಸ್ತೀನಿ,” ಅಂದನಂತೆ ಹಾಲಪ್ಪ. ಬೆಳಿಗ್ಗೆ ಗೂಟಕ್ಕೆ ಕಟ್ಟಿದವರು ಯಾರು ಅಂದರೆ, ಎತ್ತಿನ ಕಡೆ ನೋಡುತ್ತಿದ್ದೆ ಅಂದ. ಕೊಡಲು ಏನು ಇಟ್ಟಿದ್ದರು ಅಂದರೆ, ಮೆಣಸಿನಕಾಯಿ ಅಂದ. ಮೆಣಸಿನಕಾಯಿ ಯಾರ ಹೊಲದ್ದು ಅಂತ ಹೇಗೆ ಹೇಳುವುದು?

ಅಡಿವೆಪ್ಪ ಬಿಸಿಲಿಗೆ ಹಿಡಿದು ಚೀಲ ನೋಡಿದ. ಆಗ ಕಂಡದ್ದು ಇನ್ನೂ ತಲೆ ತಿರುಗಿಸುವಂಥದ್ದು. ಹಿಡಿಕೆಯಷ್ಟೇ ಹೊನ್ನವ್ವನದು. ಚೀಲದ ಮೈ ಒಂದು ಬಟ್ಟೆಯದಲ್ಲ, ತುಂಡು ತುಂಡು. ಒಂದು ತುಂಡು ಕಮ್ಮಾರರ ಮನೆಯ ಧೋತರ, ಇನ್ನೊಂದು ಕುರುಬರ ಮನೆಯ ಹಸಿರು ಸೀರೆ, ಮತ್ತೊಂದು ಮುಲ್ಲಾನ ಮನೆಯ ಚೌಕಳಿ ಲುಂಗಿ. ಊರಿನ ಯಾವ ಮನೆಯನ್ನೂ ಬಿಟ್ಟಿರಲಿಲ್ಲ.

ಕಮ್ಮಾರರ ಮನೆಗೆ ಹೋದ. ಆ ಮನೆಯಾಕೆ ಚೀಲ ಹಿಡಿದು ತಿರುಗಿಸಿ, ಬೆರಗಾಗಿ ನೋಡಿ, “ಈ ತುಂಡು ನಮ್ಮದ. ಚೀಲ ನಮ್ಮದಲ್ಲ,” ಅಂದಳು. ನಡೆದು ಬಂದಿದ್ದಾನೆ ಅಂತ ಕೂರಿಸಿ ಮಜ್ಜಿಗೆ ಕೊಟ್ಟಳು. ಕುರುಬರ ಮನೆಗೆ ಹೋದ. ಈ ತುಂಡು ನಮ್ಮದ, ಚೀಲ ನಮ್ಮದಲ್ಲ. ಅಲ್ಲಿ ಒಂದು ಲೋಟ ಹಾಲು. ಮುಲ್ಲಾನ ಮನೆಗೆ ಹೋದ. ಈ ತುಂಡು ನಮ್ಮದ, ಚೀಲ ನಮ್ಮದಲ್ಲ. ಅಲ್ಲಿ ರೊಟ್ಟಿ ತಿನ್ನಿಸದೆ ಬಿಡಲಿಲ್ಲ. ಅವನಿಗೆ ಸಿಟ್ಟು ಬರತೊಡಗಿತು. ಚೀಲ ಅಂದ ಮೇಲೆ ಒಬ್ಬರದು ಆಗಲೇಬೇಕಲ್ಲ? ಸಂತೆಯಿಂದ ಸಾಮಾನು ಬಾರದೆ ಒಂದು ಮನೆಯಲ್ಲಿ ಒಲೆ ತಣ್ಣಗಿರಬೇಕಲ್ಲ? ಎಲ್ಲರ ಒಲೆಯೂ ಉರಿಯುತ್ತಿತ್ತು. ಎಲ್ಲರೂ ಅದೇ ಮಾತು ಹೇಳುತ್ತಿದ್ದರು. ಹೇಳಿ, ಹೊನ್ನವ್ವನ ಬಗ್ಗೆಯೂ ಒಂದೊಂದು ಮಾತು ಸೇರಿಸುತ್ತಿದ್ದರಂತೆ, ಆಕೆ ಹೀಗೆ ನಗುತ್ತಿದ್ದಳು, ನಮ್ಮ ಮಗುವಿಗೆ ಎಣ್ಣೆ ನೀವಿದ್ದಳು ಅಂತ. ಅಷ್ಟು ದಿನ ಬಾಗಿಲ ಹೊರಗೇ ಉಳಿದಿದ್ದ ಮಾತುಗಳು.

ಸಂಜೆ ಹೊತ್ತಿಗೆ ಉಳಿದದ್ದು ಸಂಕವ್ವನ ಮನೆಯೊಂದೇ. ಹೋಗಿ ಚೀಲವನ್ನು ಆಕೆಯ ಮುಂದೆ ಇಟ್ಟು, ಇದು ಯಾರಿಗೆ ಹೊಲಿದದ್ದು ಅಂತ ಕೇಳಿದ. ಸಂಕವ್ವ ಹಿಡಿಕೆ ಸವರಿ ನೋಡಿ, ಕಣ್ಣು ಮಂಜಾಗಿದೆ, ಬಣ್ಣ ತಿಳಿಯುವುದಿಲ್ಲ, ಯಾವುದಕ್ಕೆ ಯಾವುದು ಸೇರಿತೋ ಅಂದಳಂತೆ. ತುಂಡುಗಳೂ ಹಾಗೇ ಕಲಬೆರಕೆ ಆಗಿರಬೇಕು ಅಂದಳು. ಅವನು ಸಿಟ್ಟಿನಲ್ಲಿ, ಸತ್ತವಳ ಸೀರೆಯನ್ನು ಅನ್ನದ ಚೀಲಕ್ಕೆ ಹಾಕಿದ್ದೀಯಲ್ಲ ಯವ್ವಾ, ಕಟ್ಟಳೆ ಮುರಿದೆಯಲ್ಲ ಅಂದ.

ಆಗ ಸಂಕವ್ವನ ಮಾತು ಬದಲಾಯಿತು. “ಆಕಿ ನನಗ ಸೀರಿ ಕೊಟ್ಟಾಗ ಸತ್ತಿದ್ದಳೇನೋ ತಮ್ಮಾ? ಜೀವಂತ ಇದ್ದಳು. ನಕ್ಕೋತ ಕೊಟ್ಟಳು. ಚೀಲ ಬೇಕು ಅಂದಳು. ಹೊಲದೀನಿ.”

ಅಡಿವೆಪ್ಪ ಅಲ್ಲೇ ಕೂತು ಅತ್ತನಂತೆ. ಹೆಂಡತಿ ಹೋದ ದಿನದಿಂದ ಅತ್ತಿರಲಿಲ್ಲ ಅಂತಾರೆ. ಸಂಕವ್ವ ಸಮಾಧಾನ ಹೇಳಲಿಲ್ಲ. ಸೊಪ್ಪು ಬಾಡುತ್ತಿದೆ, ಹೋಗಿ ಒಲೆ ಹಚ್ಚು ಅಂದಳು. ಅವನು ಎದ್ದು ಹೋದ. ಹೋಗಿ ಮೆಂತ್ಯದ ಪಲ್ಯ ಮಾಡಿಕೊಂಡು ರೊಟ್ಟಿಯ ಜೊತೆ ಉಂಡ. ಮರುದಿನ ಬೆಳಿಗ್ಗೆ ಊರವರಿಗೆ ಗಾಣ ತಿರುಗುತ್ತ ಕಿರುಗುಟ್ಟುವ ಸದ್ದು ಕೇಳಿಸಿತು.

ಸರಿ, ಕೇಳಿ ಈಗ. ಸಂಕವ್ವನಿಗೆ ಕಣ್ಣು ಕಾಣುತ್ತಿತ್ತೋ ಇಲ್ಲವೋ? ಕಾಣುತ್ತಿರಲಿಲ್ಲ ಅಂತ ಒಂದು ಕಡೆಯವರು. ಆಮೇಲೆ ಆಕೆ ಹೊಲಿದ ಚೀಲಗಳಲ್ಲಿ ಬಣ್ಣ ತಪ್ಪಿ ತಪ್ಪಿ ಹಾಲಪ್ಪ ಊರೆಲ್ಲ ಸಾಮಾನು ಅದಲುಬದಲು ಮಾಡಿದ, ಎಣ್ಣೆ ಒಬ್ಬರಿಗೆ ಬತ್ತಿ ಇನ್ನೊಬ್ಬರಿಗೆ ಆಯಿತು, ಅದಕ್ಕೆ ಸಾಕ್ಷಿ ಇದೆ ಅಂತಾರೆ. ಇನ್ನೊಂದು ಕಡೆಯವರು, ಅಡಿವೆಪ್ಪ ಹೊಸ್ತಿಲು ದಾಟುವಾಗ ತಿರುಗಿ ನೋಡಿದ, ಮುದುಕಿ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಿದ್ದಳು ಅಂತಾರೆ. ತಪ್ಪಾಗಿ ಹೊಲಿದಳೋ, ಬೇಕೆಂದೇ ಹೊಲಿದಳೋ. ಬೇಕೆಂದೇ ಆದರೆ ಎಲ್ಲ ಮನೆಯ ತುಂಡು ಹೇಗೆ ಸೇರಿತು, ಊರವರು ಕೂಡಿ ಕೊಟ್ಟರೋ? ಕೂಡಿ ಕೊಟ್ಟಿದ್ದರೆ ಕಮ್ಮಾರರ ಮನೆಯಾಕೆ ಅಷ್ಟು ನಿಜವಾಗಿ ಆಶ್ಚರ್ಯಪಟ್ಟದ್ದು ಹೇಗೆ? ಚೀಲ ತುಂಬಿಸಿದವರು ಯಾರು? ನನ್ನ ಅಜ್ಜಿ ಒಮ್ಮೆ ಒಂದು ಹೇಳಿದಳು, ಮರುವರ್ಷ ಇನ್ನೊಂದು ಹೇಳಿದಳು. ಎರಡನ್ನೂ ಆಣೆ ಮಾಡಿ ಹೇಳಿದಳು.

ಇನ್ನೂ ಒಂದು ತಮಾಷೆ ನೋಡಿ. ಅಂದು ಊರಿಗೆ ಊರೇ ಚೀಲ ನಮ್ಮದಲ್ಲ ಅಂದಿತು. ಇಂದು ಯಾವ ಮನೆಗೆ ಹೋಗಿ ಕೇಳಿದರೂ ಆ ಚೀಲ ತುಂಬಿಸಿದ್ದು ನಮ್ಮ ಹಿರಿಯರೇ ಅಂತಾರೆ. ಸಂಕವ್ವ ಎಲ್ಲಿ ಸತ್ತಳು, ಎಲ್ಲಿ ಮಣ್ಣು ಮಾಡಿದರು, ಅದೂ ಗೊತ್ತಿಲ್ಲ. ಆಕೆಯ ಸೂಜಿ ತಮ್ಮಲ್ಲಿದೆ ಅನ್ನುವ ಮನೆಗಳು ಮಾತ್ರ ಬೇಕಾದಷ್ಟಿವೆ.

ಉಳಿದದ್ದು ಇದೊಂದು ಪದ್ಧತಿ. ಇವತ್ತಿಗೂ ನಮ್ಮಲ್ಲಿ ಯಾರದೇ ಮನೆಯಲ್ಲಿ ಸಾವಾಗಿ, ದಿನ ಕಳೆದು, ಬಾಗಿಲು ಮುಚ್ಚಿಯೇ ಇದ್ದರೆ, ಒಂದು ಸಂತೆಯ ಸಂಜೆ ಆ ಬಾಗಿಲಿಗೆ ತುಂಬಿದ ಚೀಲ ಬಂದು ಕೂರುತ್ತದೆ. ಹಿಡಿಕೆ ಹೋದವರ ಬಟ್ಟೆಯದು. ಮೈ ಊರಿನ ಎಲ್ಲರ ತುಂಡು. ಮೇಲೆ ಬಾಡುವಂಥ ಸೊಪ್ಪು ಇರಲೇಬೇಕು. ಆ ಮನೆಯವರು ಅದನ್ನು ಹೊತ್ತುಕೊಂಡು ಬಾಗಿಲು ಬಾಗಿಲಿಗೂ ಹೋಗಿ ಕೇಳಬೇಕು. ಕೇಳಿಸಿಕೊಂಡವರು ಕೂರಿಸಿ ಏನಾದರೂ ಕುಡಿಯಲು ಕೊಟ್ಟು ಹೇಳಬೇಕು: ಈ ತುಂಡು ನಮ್ಮದ, ಚೀಲ ನಮ್ಮದಲ್ಲ.

ನಮ್ಮಾಕೆ ಹೋದಾಗ ನಾನೂ ಬಾಗಿಲು ಹಾಕಿಕೊಂಡಿದ್ದೆ, ನಿಮಗೆ ನೆನಪಿದೆ. ಈ ಕಥೆ ನೂರು ಸಲ ಹೇಳಿದವನು ನಾನು, ಚೀಲ ಬರುತ್ತದೆ ಅಂತ ಗೊತ್ತಿದ್ದವನು. ಆದರೂ ಬಾಗಿಲು ತೆಗೆದು ಹಿಡಿಕೆಯಲ್ಲಿ ಆಕೆಯ ಸೀರೆಯ ಆ ನೀಲಿ ದಡಿ ನೋಡಿದಾಗ ನನಗೆ ಏನೂ ತಿಳಿಯಲಿಲ್ಲ ಕಣ್ರೋ, ಒಂದು ಗಳಿಗೆ ಆಕೆಯೇ ಸಂತೆಯಿಂದ ಬಂದಳು ಅಂದುಕೊಂಡೆ. ನಿಮ್ಮ ನಿಮ್ಮ ಮನೆಗೆಲ್ಲ ಬಂದು ಕೇಳಿದೆ. ನಿಮ್ಮ ಅವ್ವಂದಿರೆಲ್ಲ ಒಂದೇ ಮುಖ ಮಾಡಿಕೊಂಡು ಅದೇ ಮಾತು ಹೇಳಿದರು.

ಅಗೋ, ಗೋಡೆಯ ಆ ಗೂಟದಲ್ಲಿದೆ ಚೀಲ. ನಾಳೆ ಸಂತೆಗೆ ಅದನ್ನೇ ಒಯ್ಯುವವನಿದ್ದೇನೆ. ನಿಮ್ಮಲ್ಲಿ ಯಾರದಾದರೂ ಇದ್ದರೆ ಈಗಲೇ ಹೇಳಿಬಿಡಿ, ಕೊಟ್ಟುಬಿಡುತ್ತೇನೆ.

ಯಾಕ್ರೋ, ಎಲ್ಲರೂ ನೆಲ ನೋಡುತ್ತಿದ್ದೀರಿ?